ಕಳ್ಳಿಮೆಟ್ಟಿನಿಂದ ಮೂವತ್ತೊಂದು ನಿಮಿಷ

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆಯನ್ನು ಕಲ್ಲುಪಟ್ಟಿಯ ಜನ ಹೇಳುವಾಗ ಅವರ ಕಣ್ಣು ತಾನಾಗಿ ಪಡುವಣದ ಬೆಟ್ಟದ ಕಡೆಗೆ ಹೊರಳುತ್ತಿತ್ತು. ಆ ಬೆಟ್ಟದಲ್ಲಿ ಕಾಳಿಯಪ್ಪನ್ ಸೈಕಲ್ ಹೊಡೆಯುತ್ತಿದ್ದ. ಕಂಬಂ ಕಣಿವೆಯ ನೆಲ ಹಲಗೆಯ ಹಾಗೆ ಸಪಾಟು. ತೇನಿಯಿಂದ ಕಂಬಂವರೆಗೆ ಬೆವರಿಲ್ಲದೆ ತುಳಿದುಕೊಂಡು ಹೋಗಬಹುದು. ಅಂಥ ನೆಲ ಬಿಟ್ಟು, ಏಲಕ್ಕಿ ಕೊಯ್ಯುವ ಹೆಂಗಸರು ಕೋಲೂರಿಕೊಂಡು ಹತ್ತುವ ಕಳ್ಳಿಮೆಟ್ಟಿನ ಕಾಲುದಾರಿಗೆ ಸೈಕಲ್ ತಂದವನನ್ನು ಎಡವಟ್ಟ ಅನ್ನದೆ ಇನ್ನೇನು ಅನ್ನಬೇಕು?

ಆದರೆ ಅವನ ಹುಚ್ಚಿಗೂ ಒಂದು ಲೆಕ್ಕವಿತ್ತು. ಬೆಟ್ಟದ ನೆತ್ತಿಯಲ್ಲಿ, ಗಡಿಯ ಆಚೆ, ಏಲಕ್ಕಿ ಎಸ್ಟೇಟುಗಳಿದ್ದವು. ಅಲ್ಲಿನ ಕೂಲಿಯವರಿಗೆ ಅನ್ನ ಒಂದು ಹೊತ್ತು ತಪ್ಪಿದರೂ ನಡೆಯುತ್ತಿತ್ತು, ವೀಳ್ಯದೆಲೆ ತಪ್ಪಿದರೆ ಜಗಳವೇ. ಸುತ್ತು ರಸ್ತೆಯಲ್ಲಿ ಹೋಗುವ ಎಸ್ಟೇಟು ಜೀಪು ವಾರಕ್ಕೊಮ್ಮೆ ತರುತ್ತಿದ್ದ ಎಲೆ ಅಷ್ಟರಲ್ಲಿ ಬಾಡಿ ಹಳದಿಯಾಗಿರುತ್ತಿತ್ತು. ಕಾಳಿಯಪ್ಪನ್ ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿದ ಎರಡು ದೊಡ್ಡ ಕಟ್ಟು ಎಲೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಸೀಟಿನ ಹಿಂದೆ ಇಟ್ಟು, ಮೂರು ಗಂಟೆ ತಳ್ಳಿಕೊಂಡು ಹತ್ತುತ್ತಿದ್ದ. ತಲೆಯ ಮೇಲೆ ಹೊರುವುದಕ್ಕಿಂತ ಅದು ಎಷ್ಟೋ ಹಗುರ. ಬುಧವಾರ ಹತ್ತಿದರೆ ಎರಡು ರಾತ್ರಿ ಮೇಲೆಯೇ ಇದ್ದು, ಕೂಲಿಯವರ ಲೈನ್‌ಮನೆಗಳಿಗೆಲ್ಲ ಎಲೆ ಹಂಚಿ, ಅವರ ಕಾಗದಪತ್ರ ತೆಗೆದುಕೊಂಡು ಶುಕ್ರವಾರ ಸಂಜೆಗೆ ಇಳಿಯುತ್ತಿದ್ದ. ಇಳಿಯುವಾಗ ಮಾತ್ರ ತಳ್ಳುತ್ತಿರಲಿಲ್ಲ. ಆರು ಕಿಲೋಮೀಟರು ಕಲ್ಲು, ಬೇರು, ಕೊರಕಲು. ಎಲ್ಲವನ್ನೂ ಸೈಕಲ್ ಮೇಲೆಯೇ ಇಳಿಯುತ್ತಿದ್ದ.

ಅದೊಂದು ಹಳೆಯ ಕಪ್ಪು ಸೈಕಲ್, ಅಪ್ಪನ ಕಾಲದ್ದು. ಏಳು ವರ್ಷದಲ್ಲಿ ಕಾಳಿಯಪ್ಪನ್ ಅದರ ಮೈಯಿಂದ ಬೇಡದ್ದನ್ನೆಲ್ಲ ಕಳಚಿ, ಬೇಕಾದ್ದನ್ನು ಸೇರಿಸಿದ್ದ. ಮಡ್‌ಗಾರ್ಡ್ ಎರಡೂ ಮೊದಲ ಮಳೆಗಾಲದಲ್ಲೇ ಹೋದವು, ಅವುಗಳ ಒಳಗೆ ಕೆಸರೂ ತರಗೆಲೆಯೂ ಕಚ್ಚಿಕೊಂಡು ಗಾಲಿಯೇ ನಿಂತುಹೋಗುತ್ತಿತ್ತು. ಬ್ರೇಕಿನ ರಬ್ಬರು ಅಂಗಡಿಯದ್ದಲ್ಲ, ಲಾರಿ ಟಯರಿನಿಂದ ತಾನೇ ಕುಯ್ದದ್ದು. ಒಡ್ಡನ್‌ಛತ್ರಂ ಸಂತೆಗೆ ಮೂಟೆ ಹೊರುವ ಸೈಕಲ್ಲುಗಳಿಗೆ ಹಾಕುವಂಥ ದಪ್ಪ ಪಟ್ಟೆಯ ಟಯರು ಹಿಂದಕ್ಕೆ. ಹಿಂದಿನ ಹಲ್ಲುಚಕ್ರವನ್ನು ನಾಲ್ಕು ಹಲ್ಲು ದೊಡ್ಡದಕ್ಕೆ ಬದಲಾಯಿಸಿದ್ದ, ಏರಿನಲ್ಲಿ ಅಲ್ಲಲ್ಲಿ ತುಳಿಯುವುದಕ್ಕೆ. ಗಾಳಿಯ ವಿಷಯದಲ್ಲಂತೂ ಅವನಿಗೆ ಮಡಿವಂತರ ಹಾಗೆ ನೇಮವಿತ್ತು: ಹಿಂದಿನ ಗಾಲಿ ಕಲ್ಲಿನಂತಿರಬೇಕು, ಮುಂದಿನದು ಹೆಬ್ಬೆರಳು ಒತ್ತಿದರೆ ಸ್ವಲ್ಪ ತಗ್ಗಬೇಕು. ಮುಂದಿನದು ಗಟ್ಟಿಯಾದರೆ ಕಲ್ಲಿನ ಮೇಲೆ ಪುಟಿಯುತ್ತದೆ, ತೀರಾ ಮೆತ್ತಗಾದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ, ಕಚ್ಚಿದಂತಾಗಿ ತೂತು ಬೀಳುತ್ತದೆ. ಇಳಿಯುವ ಮುಂಚೆ ಸೀಟನ್ನು ನಾಲ್ಕು ಬೆರಳು ಕೆಳಗಿಳಿಸಿ, ಕುಂಡೆಯನ್ನು ಹಿಂದಕ್ಕೆ ಚಾಚಿ ಹೊರಡುತ್ತಿದ್ದ. ಇದನ್ನೆಲ್ಲ ಅವನಿಗೆ ಯಾರೂ ಕಲಿಸಲಿಲ್ಲ. ಬಿದ್ದು ಕಲಿತದ್ದು.

ದಾರಿಯ ಒಂದೊಂದು ತುಂಡಿಗೂ ಅವನು ಹೆಸರಿಟ್ಟಿದ್ದ. ಮೇಲೆ ಹೊರಟ ಕೂಡಲೇ ಸಿಗುವ ಕಲ್ಲಿನ ಮೆಟ್ಟಿಲು ‘ಅಜ್ಜಿ ಹಲ್ಲು’, ಒಂದು ಇದ್ದರೆ ಒಂದು ಇಲ್ಲ. ಅದಾದ ಮೇಲೆ ಹನ್ನೊಂದು ತಿರುವು. ಆಮೇಲೆ ನೀರು ಒಸರುವ ಓರೆಬಂಡೆ, ಅದಕ್ಕೆ ‘ಎಣ್ಣೆತಲೆ’. ಅಲ್ಲಿ ಹಿಂದಿನ ಬ್ರೇಕು ಹಿಡಿದರೆ ಮುಗಿಯಿತು. ಹಿಡಿಯದೆ ಬಿಡುವುದಕ್ಕೆ ಧೈರ್ಯ ಬೇಕು. ಕೊನೆಯಲ್ಲಿ ಹುಣಸೆಮರಗಳ ನಡುವಿನ ಉದ್ದ ಇಳಿಜಾರು, ‘ಹಾಲುದಾರಿ’. ಅಲ್ಲಿ ಬ್ರೇಕಿನಿಂದ ಬೆರಳು ತೆಗೆದು ಗಾಳಿಗೆ ಮುಖ ಕೊಟ್ಟು ಕೂತರೆ ಸಾಕು.

ಈ ಹೆಸರುಗಳು ಅವನೊಬ್ಬನಿಗೇ ಗೊತ್ತಿದ್ದವು. ಒಮ್ಮೆ ಟೀ ಅಂಗಡಿಯಲ್ಲಿ ಎಣ್ಣೆತಲೆಯನ್ನು ಒಂದು ಬಾರಿಯೂ ಕಾಲೂರದೆ ದಾಟಿದೆನೆಂದು ಹೇಳತೊಡಗಿದ್ದ. ಕೇಳುತ್ತಿದ್ದವನು ಮಧ್ಯದಲ್ಲೇ ಎದ್ದು ಬಸ್ಸು ಹಿಡಿದು ಹೋದ. ಅಂದಿನಿಂದ ಹೇಳುವುದನ್ನು ಬಿಟ್ಟ.

ಮನೆಯಲ್ಲಾದರೂ ಕೇಳುವವರಿದ್ದರೇ ಎಂದರೆ, ಇಲ್ಲ. ಅವನ ಜನ ಯಾವುದೋ ಕಾಲದಲ್ಲಿ ದನ ಹೊಡೆದುಕೊಂಡು ಉತ್ತರದಿಂದ ಬಂದು ಈ ಕಣಿವೆಯಲ್ಲಿ ಹೊಲ ಮಾಡಿಕೊಂಡ ಗೌಡರು. ಬೀದಿಯಲ್ಲಿ ತಮಿಳು, ಹೊಸ್ತಿಲ ಒಳಗೆ ಕನ್ನಡ. ಕಾಳಿಯಪ್ಪನ್‌ನ ಹೊಸ್ತಿಲ ಒಳಗೆ ಎರಡೂ ಇರಲಿಲ್ಲ. ಅಪ್ಪ ಹೋಗಿ ಹತ್ತು ವರ್ಷ, ಅವ್ವ ಹೋಗಿ ನಾಲ್ಕು ವರ್ಷ. ಅಕ್ಕ ಮುತ್ತುಸೆಲ್ವಿಯನ್ನು ಪಕ್ಕದ ಊರಿಗೆ ಕೊಟ್ಟಾಗಿತ್ತು. ಮೂವತ್ತೊಂದು ವಯಸ್ಸಿನ ಅವನು ಒಂದು ಪಾತ್ರೆಯಲ್ಲಿ ಅನ್ನ ಮಾಡಿ, ಅದರಲ್ಲೇ ಉಂಡು, ಅದನ್ನೇ ತೊಳೆದಿಟ್ಟು ಮಲಗುತ್ತಿದ್ದ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಹೊರಟ ಮಾತೆಂದರೆ ಎಲೆಯ ಎಣಿಕೆ ಮಾತ್ರ.

ಒಬ್ಬಳಿದ್ದಳು. ಅತ್ತೆಯ ಮಗಳು ಪೇಚ್ಚಿಯಮ್ಮಾಳ್. ಕಲ್ಲುಪಟ್ಟಿಗೆ ಒಂದು ಹರದಾರಿ ದೂರದ ಮಾವಡಿಯಲ್ಲಿ ಅವರ ಮನೆ. ಅವರ ಜನದಲ್ಲಿ ಅತ್ತೆಯ ಮಗಳ ಮೇಲೆ ಸೋದರಮಾವನ ಮಗನಿಗೇ ಮೊದಲ ಹಕ್ಕು. ಅದನ್ನು ಉರಿಮೆ ಅನ್ನುತ್ತಾರೆ. ಅವಳು ತೊಟ್ಟಿಲಲ್ಲಿದ್ದಾಗಲೇ ಕಾಳಿಯಪ್ಪನ್‌ನ ಎಂಟು ವರ್ಷದ ಕೈಯಿಂದ ಅವಳ ಹಣೆಗೆ ಅರಿಸಿನ ಮುಟ್ಟಿಸಿದ್ದರು. ಅವಳೀಗ ತೇನಿಗೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿತು ಬಂದವಳು, ಇಪ್ಪತ್ತಮೂರು ವಯಸ್ಸು. ಒಂದು ಸಲ ಮನೆಯ ಜಗಲಿಯಲ್ಲಿ ಅವನ ಸೈಕಲ್ಲನ್ನು ಸುತ್ತಿ ನೋಡಿ, "ಬಾವಾ, ಮೇಲಿಂದ ನೋಡುದ್ರೆ ನಮ್ಮನೆ ಕಾಣ್ತದಾ?" ಎಂದು ಕೇಳಿದ್ದಳು. ಅವನು ಹೂಂ ಅಂದಿದ್ದ. ಆಮೇಲೆ ಪ್ರತಿ ಬಾರಿ ಹನ್ನೊಂದನೆಯ ತಿರುವಿನಲ್ಲಿ ಒಂದು ಕ್ಷಣ ನಿಂತು ಮಾವಡಿಯ ಹೆಂಚುಗಳ ಕಡೆ ನೋಡಿ ಇಳಿಯುತ್ತಿದ್ದ. ಅಷ್ಟಕ್ಕೇ ಅವನಿಗೆ ಮದುವೆಯಾದಷ್ಟು ಸಮಾಧಾನ. ಹಕ್ಕು ಎಲ್ಲಿಗೂ ಓಡಿಹೋಗುವುದಿಲ್ಲ, ಮನೆಗೆ ಹೊಸ ಹೆಂಚು ಹೊದಿಸಿದ ಮೇಲೆ ಕೇಳೋಣ ಎಂದುಕೊಂಡು ಮೂರು ವರ್ಷ ಕಳೆದಿದ್ದ. ಪೆದ್ದ, ಇನ್ನೇನು. ಎಲೆ ಒಂದು ದಿನದಲ್ಲಿ ಬಾಡುತ್ತದೆಂದು ಗೊತ್ತಿದ್ದವನಿಗೆ ಇದು ಗೊತ್ತಾಗಲಿಲ್ಲ.

ತೊಂಬತ್ತೆಂಟನೆಯ ಇಸವಿ, ಪೊಂಗಲ್ ಕಳೆದ ಎರಡನೆಯ ಶುಕ್ರವಾರ. ಬೆಳಿಗ್ಗೆ ಒಂಬತ್ತೂ ಇಪ್ಪತ್ತೈದಕ್ಕೆ ಕಾಳಿಯಪ್ಪನ್ ಎಸ್ಟೇಟಿನ ಶೆಡ್ಡಿನ ಮುಂದೆ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೆಳಗಿನಿಂದ ಚಿನ್ನಮ್ಮಾಳ್ ಹತ್ತಿ ಬಂದಳು. ಮಾವಡಿಯವಳೇ, ನಡುವಯಸ್ಸಿನ ಹೆಂಗಸು, ಏಲಕ್ಕಿ ಕೊಯ್ಲಿಗೆ ಬರುವವಳು. ಗಂಟು ಇಳಿಸಿದಳು, ನೀರು ಕುಡಿದಳು, ಎಲೆ ಕೇಳಿದಳು, ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಅವನನ್ನು ನೋಡಿದಳು.

"ಇದೇನ್ಲಾ ಕಾಳಿ, ಇನ್ನೂ ಇಲ್ಲೇ ಕುಂತಿದ್ದೀಯ? ಅಲ್ಲಿ ನಿಮ್ಮತ್ತೆ ಮನೇಲಿ ತಟ್ಟು ಮಾತ್ತಕ್ಕೆ ಜನ ಬತ್ತಾವ್ರೆ."

ತಾಂಬೂಲದ ತಟ್ಟೆ ಬದಲಾಯಿಸುವುದಕ್ಕೆ ಅವರು ಹೇಳುವುದು ಹಾಗೆ. ತಟ್ಟೆ ಕೈ ಬದಲಾಯಿಸಿತೆಂದರೆ ಹೆಣ್ಣು ಗೊತ್ತಾದ ಹಾಗೆ.

"ಯಾರ್‌ಗೆ?"

"ಯಾರ್‌ಗೆ ಅಂದ್ರೆ. ಆ ಮನೇಲಿ ಇರೋದು ಒಂದೇ ಹೆಣ್ಣು. ದಿಂಡಿಗಲ್ ಮಾಪ್ಪಿಳ್ಳೆ, ಪೂಟಿನ ಅಂಗ್ಡಿ ಇಕ್ಕವ್ನಂತೆ. ಬುದುವಾರ ನೀ ಅತ್ತಿ ಬಂದ್ಮೇಲೆ ಸುದ್ದಿ ಕಳ್ಸವ್ರೆ, ಸುಕ್ರುವಾರ ಒಳ್ಳೇದು ಅಂತ. ಅತ್ತೂವರೆ ಒಳ್ಗೆ ಆಗ್ಬೇಕು, ರಾವುಕಾಲಕ್ ಮುಂಚೆ."

ಗಂಡು, ಬೀಗದ ಅಂಗಡಿಯವನು. ಕಾಳಿಯಪ್ಪನ್‌ನ ಕೈಯಲ್ಲಿದ್ದ ಎಣ್ಣೆಯ ಡಬ್ಬಿ ಓರೆಯಾಗಿ ಎಣ್ಣೆ ನೆಲಕ್ಕೆ ಹರಿಯಿತು.

"ಪೇಚ್ಚೀನೇ ನಿನ್ನೆ ನಲ್ಲಿ ತಾವ ಸಿಕ್ಕಿದ್ಲು ಕಣೋ," ಎಂದಳು ಚಿನ್ನಮ್ಮಾಳ್. "ಬಾವಂಗೆ ಎಂಗಾರ ಮಾಡಿ ಏಳಕ್ಕಾ, ತಪ್ದೆ ಬಂದ್ಬುಡ್ಲಿ, ಬರ್ಲೇಬೇಕು ಅಂತ ಏಳು, ಅಂದ್ಲು. ಕಣ್ಣಾಗೆ ನೀರು ಇತ್ತು."

ಕಣ್ಣಿನಲ್ಲಿ ನೀರಿತ್ತು ಎಂಬ ಒಂದು ಮಾತು ಸಾಕಾಯಿತು. ಜೀವಮಾನದಲ್ಲಿ ಯಾರೂ ಅವನಿಗೆ ಬರಲೇಬೇಕು ಎಂದು ಹೇಳಿ ಕಳಿಸಿರಲಿಲ್ಲ. ಅಕ್ಕನ ಮದುವೆಯ ಕಾಲದಲ್ಲಿ ಉರಿಮೆಯ ಹುಡುಗ ತಿರುಪ್ಪೂರಿನಿಂದ ಬರಲಿಲ್ಲ. ಹಿರಿಯರು ಹೊತ್ತು ಮೀರುವವರೆಗೂ ಕಾದು, ಬಾರದವನಿಗೆ ಬೇಡವೆಂದೇ ಅರ್ಥ ಎಂದು ತಟ್ಟೆ ಬದಲಾಯಿಸಿಬಿಟ್ಟಿದ್ದರು. ಅದನ್ನು ಅವನು ಕಣ್ಣಾರೆ ಕಂಡಿದ್ದ. ಹತ್ತೂವರೆಗೆ ಅತ್ತೆಯ ಮನೆಯಲ್ಲಿ ಇಲ್ಲದಿದ್ದರೆ ಪೇಚ್ಚಿ ಕೈತಪ್ಪಿದ ಹಾಗೆಯೇ.

ಲೆಕ್ಕ ಹಾಕಿದ. ಎಂದಿನ ಹಾಗೆ ಇಳಿದರೆ ಮುಕ್ಕಾಲು ಗಂಟೆ. ಬೆಟ್ಟದ ಬುಡದಿಂದ ಮಾವಡಿಗೆ ಆರು ಕಿಲೋಮೀಟರು, ಇಪ್ಪತ್ತು ಇಪ್ಪತ್ತೈದು ನಿಮಿಷ. ತಲುಪುವಾಗ ರಾಹುಕಾಲ ಶುರುವಾಗಿರುತ್ತದೆ. ಬೆಟ್ಟದಲ್ಲೇ ಹತ್ತು ಹದಿನೈದು ನಿಮಿಷ ಉಳಿಸಬೇಕು.

ಸ್ಪ್ಯಾನರು ತೆಗೆದುಕೊಂಡ. ಮೊದಲು ಕ್ಯಾರಿಯರು. ಎಲೆಕಟ್ಟು ಹೊರುವುದಕ್ಕೆಂದು ಕಮ್ಮಾರನಿಂದ ಮಾಡಿಸಿದ ಗಟ್ಟಿ ಕಬ್ಬಿಣ, ಒಂದು ಕುರಿಮರಿಯ ತೂಕ. ನಾಲ್ಕು ನಟ್ಟು ಬಿಚ್ಚಿ ಅದನ್ನು ಶೆಡ್ಡಿನೊಳಗೆ ಎಸೆದ. ಅದಕ್ಕೇ ಕಟ್ಟಿದ್ದ ಗಾಳಿ ಪಂಪೂ ಅದರ ಜೊತೆ ಹೋಯಿತು. ಸ್ಟ್ಯಾಂಡು, ಬೆಲ್ಲು, ಚೈನಿನ ಮೇಲಿನ ತಗಡು, ಎಲ್ಲ ತೆಗೆದ. ಸೀಟನ್ನು ತಳಕ್ಕೆ ತಂದ. ಮುಂದಿನ ಗಾಲಿಯ ಗಾಳಿಯನ್ನು ಎಂದಿಗಿಂತ ಇನ್ನೂ ಒಂದು ಗುಟುಕು ಬಿಟ್ಟ: ವೇಗ ಹೆಚ್ಚಿದಂತೆ ಹಿಡಿತ ಬೇಕು, ಟ್ಯೂಬು ಕಚ್ಚಿದರೆ ಕಚ್ಚಲಿ ಎಂದುಕೊಂಡ. ಇದಕ್ಕೆಲ್ಲ ಎಂಟು ನಿಮಿಷ ಹಿಡಿಯಿತು. ಚಿನ್ನಮ್ಮಾಳ್ ಎಲೆ ಅಗಿಯುವುದನ್ನೂ ನಿಲ್ಲಿಸಿ ನೋಡುತ್ತಿದ್ದಳು.

"ಬರೀ ಕೈನಾಗೇ ಓಗ್ತೀಯಾ?" ಎಂದಳು.

"ಒತ್ತಿಲ್ಲಕ್ಕಾ," ಎಂದು ಅವನು ಹೊರಟೇಬಿಟ್ಟ.

ಗಡಿಯಾರ ಒಂಬತ್ತೂ ಮೂವತ್ತಮೂರು ತೋರಿಸುತ್ತಿತ್ತು. ಅಜ್ಜಿ ಹಲ್ಲಿನ ಮೇಲೆ ಸೈಕಲ್ಲನ್ನು ಬಿಟ್ಟ ಕೂಡಲೇ ಗೊತ್ತಾಯಿತು, ಇದು ತನ್ನ ಹಳೆಯ ಸೈಕಲ್ಲಲ್ಲ. ಕ್ಯಾರಿಯರಿನ ಭಾರಕ್ಕೆ ಹಿಂದಿನ ಗಾಲಿ ನೆಲಕ್ಕೆ ಕಚ್ಚಿಕೊಂಡಿರುತ್ತಿತ್ತು. ಈಗ ಮೆಟ್ಟಿಲು ಮೆಟ್ಟಿಲಿಗೂ ಕರುವಿನ ಹಾಗೆ ಒದೆಯುತ್ತಿತ್ತು. ಹಿಂದಿನ ಬ್ರೇಕು ಹಿಡಿದರೆ ಗಾಲಿ ಸುಮ್ಮನೆ ಜಾರುತ್ತಿತ್ತು. ಇಳಿಯುವುದೆಲ್ಲ ಮುಂದಿನ ಬ್ರೇಕಿನ ಮೇಲೇ ನಿಂತಿತು. ಮುಂದಿನದನ್ನು ಒಂದು ಕೂದಲು ಹೆಚ್ಚು ಹಿಡಿದರೆ ತಲೆಯ ಮೇಲಿಂದ ಹಾರುವುದೇ. ಹೊಟ್ಟೆ ಸೀಟಿಗೆ ತಾಗುವಷ್ಟು ಹಿಂದಕ್ಕೆ ಬಾಗಿ, ಎರಡು ಬೆರಳಿನಿಂದ ಬ್ರೇಕನ್ನು ಹಿಡಿದೂ ಹಿಡಿಯದ ಹಾಗೆ ಹಿಡಿದು ಇಳಿದ.

ಹನ್ನೊಂದು ತಿರುವನ್ನು ಅವನು ಅಷ್ಟು ಚೆನ್ನಾಗಿ ಎಂದೂ ಹೊಡೆದಿರಲಿಲ್ಲ. ಒಂದೊಂದು ತಿರುವಿನಲ್ಲೂ ಒಳಗಾಲು ನೆಲದ ಮೇಲೆ ಗೀರಿ, ಸೈಕಲ್ಲನ್ನು ಅದರ ಸುತ್ತ ತಿರುಗಿಸಿ, ಮತ್ತೆ ಬಿಟ್ಟ. ದೊಡ್ಡ ಕಲ್ಲುಗಳು ಅವನಿಗಾಗಿ ಪಕ್ಕಕ್ಕೆ ಸರಿದ ಹಾಗಿತ್ತು. ಕೊನೆಯ ತಿರುವಿನಲ್ಲಿ ಅಂದು ನಿಲ್ಲಲಿಲ್ಲ. ಇನ್ನು ದೂರದಿಂದ ನೋಡುವ ಕೆಲಸವಿಲ್ಲ ಎಂದುಕೊಂಡ. ಅವನಿಗೆ ಆಗ ಎಷ್ಟು ಸಂತೋಷವಾಗಿತ್ತೆಂದರೆ, ನಗುತ್ತಿದ್ದೇನೆಂಬುದು ಹಲ್ಲಿಗೆ ಧೂಳು ತಾಗಿದ ಮೇಲೆ ತಿಳಿಯಿತು.

ಎಣ್ಣೆತಲೆಯಲ್ಲಿ ಬಿದ್ದ. ಬ್ರೇಕು ಹಿಡಿಯಲಿಲ್ಲ, ತಪ್ಪೇನೂ ಮಾಡಲಿಲ್ಲ. ಹಗುರಾದ ಹಿಂಗಾಲಿ ಒದ್ದೆ ಬಂಡೆಯ ಮೇಲೆ ಪಕ್ಕಕ್ಕೆ ಹೋಯಿತು, ಅವನು ಮೊಣಕೈ ಮೇಲೆ ಎರಡಾಳುದ್ದ ಜಾರಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಹೋಯಿತು. ಹ್ಯಾಂಡಲ್ ಓರೆಯಾಗಿತ್ತು. ಮುಂದಿನ ಗಾಲಿಯನ್ನು ತೊಡೆಗಳ ನಡುವೆ ಹಿಡಿದು ಹ್ಯಾಂಡಲ್ ನೆಟ್ಟಗೆ ಮಾಡಿ ಮತ್ತೆ ಹತ್ತಿದ. ಹಾಲುದಾರಿಯಲ್ಲಿ ಬೆರಳು ತೆಗೆದು ಬಿಟ್ಟುಕೊಟ್ಟ. ಬುಡದ ಹುಣಸೆಮರದ ಹತ್ತಿರ ಗಡಿಯಾರ ನೋಡಿದ. ಹತ್ತೂ ನಾಲ್ಕು. ಮೂವತ್ತೊಂದು ನಿಮಿಷ. ಕಳ್ಳಿಮೆಟ್ಟಿನಿಂದ ಅಷ್ಟು ಬೇಗ ಇಳಿದವರು ಹಿಂದೆ ಇರಲಿಲ್ಲ. ಹೇಳೋಣವೆಂದರೆ ಅಲ್ಲಿ ಒಂದು ಆಡು ಬಿಟ್ಟರೆ ಯಾರೂ ಇರಲಿಲ್ಲ.

ಕಷ್ಟ ಶುರುವಾದದ್ದು ಸಪಾಟು ನೆಲದಲ್ಲಿ. ಮುಂದಿನ ಗಾಲಿಯಲ್ಲಿ ಗಾಳಿ ಅರ್ಧ, ಪಂಪು ಬೆಟ್ಟದ ಮೇಲೆ. ಮೆತ್ತಗಿನ ಟಯರು ಟಾರ್ ರಸ್ತೆಗೆ ಅಂಟಿಕೊಂಡು ಎಳೆಯುತ್ತಿತ್ತು. ತಳಕ್ಕಿಳಿಸಿದ ಸೀಟಿನಲ್ಲಿ ಕೂತು ತುಳಿದರೆ ಮಂಡಿ ಎದೆಗೆ ಬರುತ್ತಿತ್ತು, ಅದಕ್ಕೇ ಎದ್ದು ನಿಂತೇ ತುಳಿದ. ನಾಲ್ಕನೆಯ ಕಿಲೋಮೀಟರಿನಲ್ಲಿ ಎಡಕ್ಕೆ ಅಕ್ಕ ಮುತ್ತುಸೆಲ್ವಿಯ ಊರಿನ ದಾರಿ ಬಂತು. ಅಕ್ಕನಿಗೆ ಒಂದು ಮಾತು ಹೇಳಿ ಹೋಗಬೇಕೇನೋ ಎಂದು ಮನಸ್ಸಿನಲ್ಲಿ ಒಂದು ಯೋಚನೆ ಸುಳಿಯಿತು. ಆದರೆ ಅವಳನ್ನು ಕೂರಿಸಿಕೊಳ್ಳಲು ಹಿಂದೆ ಕ್ಯಾರಿಯರೇ ಇರಲಿಲ್ಲ, ಹೊತ್ತೂ ಇರಲಿಲ್ಲ. ನೇರ ಹೋದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅತ್ತೆಯ ಮನೆಯ ಮುಂದೆ ಬಿಳಿ ವ್ಯಾನೊಂದು ನಿಂತಿತ್ತು. ಒಳಗೆ ಗೋಡೆಯ ಗಡಿಯಾರ ಹತ್ತೂ ಇಪ್ಪತ್ತನಾಲ್ಕು ತೋರಿಸುತ್ತಿತ್ತು. ನಡುಮನೆಯಲ್ಲಿ ಚಾಪೆಯ ಮೇಲೆ ಹದಿನೈದು ಇಪ್ಪತ್ತು ಜನ, ಎಲ್ಲರ ಕಣ್ಣೂ ಬಾಗಿಲ ಕಡೆಗೆ. ಅವನು ಬಾಗಿಲಲ್ಲಿ ಕಂಡ ಕೂಡಲೇ ಅತ್ತೆ ಎದ್ದು ಓಡಿಬಂದಳು.

"ಬಂದ್ಯಾ ಅಳಿಯಾ, ಬಂದ್ಬುಟ್ಯಾ," ಎಂದು ಅವನ ಗಲ್ಲ ಹಿಡಿದು ಅತ್ತೇಬಿಟ್ಟಳು. ರಕ್ತ ನೋಡಿ, ಒಳಗಿನಿಂದ ನೀರು ತರಿಸಿ ತಾನೇ ಕೈ ತೊಳೆದಳು. ಕಾಳಿಯಪ್ಪನ್‌ಗೆ ಮಾತಾಡಲು ಉಸಿರಿರಲಿಲ್ಲ. ತನ್ನನ್ನು ಕಂಡು ಒಂದು ಮನೆ ಇಷ್ಟು ಹಿಗ್ಗುವುದನ್ನು ಅವನು ಅವ್ವ ಹೋದ ಮೇಲೆ ನೋಡಿರಲಿಲ್ಲ. ನನ್ನನ್ನೇ ಕಾಯುತ್ತಿದ್ದರು ಎಂದುಕೊಂಡ. ಅದು ನಿಜವೂ ಆಗಿತ್ತು.

ಜನದ ಹಿರಿಯ ಮಾಯಾಂಡಿ ತಾತ ಗೋಡೆಗೊರಗಿ ಕೂತಿದ್ದ. ಮದುವೆ ಮಾತಿಗೆಲ್ಲ ಅವನೇ ನಡುವಿನವನು. ಅವನು ಕೇಳಿದ.

"ಒಬ್ನೇ ಬಂದ್ಯಾ, ಕಾಳಿ?"

"ಒಬ್ನೇ, ತಾತ."

"ಮುತ್ತುಸೆಲ್ವಿ?"

"ಇಲ್ಲ ತಾತ. ನಾ ಒಬ್ನೇ, ಬೆಟ್ಟದಿಂದ ನೇರ್ವಾಗಿ ಬಂದೆ."

ತಾತ ತಲೆದೂಗಿದ. ಬಂದವರ ಕಡೆ ತಿರುಗಿ, "ಹೈದ ದೊಡ್ಡ ಮನ್ಸು ಮಾಡವ್ನೆ. ಕೈ ಕಾಲು ಮುರ್‌ಕೊಂಡಾರೂ ಬಂದವ್ನೆ ನೋಡಿ, ಹೆಣ್ಣಿಗೆ ಒಳ್ಳೇದಾಗ್ಲಿ ಅಂತ," ಎಂದ. ಚಾಪೆಯ ಮೇಲಿದ್ದವರೆಲ್ಲ ಒಮ್ಮೆಲೇ ಉಸಿರು ಬಿಟ್ಟು ಅಲುಗಾಡಿದರು. ಹೆಂಗಸರು ಒಳಗೆ ಓಡಿದರು. ಯಾರೋ ಅವನ ಭುಜ ತಟ್ಟಿದರು. ತಾತ ವೀಳ್ಯ, ಅಡಿಕೆ, ತೆಂಗಿನಕಾಯಿಯ ಹಿತ್ತಾಳೆ ತಟ್ಟೆಯನ್ನು ತಂದು ಕಾಳಿಯಪ್ಪನ್‌ನ ಎರಡು ಕೈಗಳ ಮೇಲೆ ಇಟ್ಟ.

ತಟ್ಟೆಯ ಭಾರ ಕೈಗೆ ಬಂದ ಮೇಲೆ ಅವನಿಗೆ ತಿಳಿಯಿತು. ಉರಿಮೆ ಕೇಳುವವನು ತಾನಾಗಿ ಕೇಳುವುದಿಲ್ಲ. ಅವನ ಮನೆಯ ಹೆಣ್ಣೊಬ್ಬಳು, ಅವ್ವನೋ ಅಕ್ಕನೋ, ಸೀರೆ ಅರಿಸಿನ ಹಿಡಿದು ಮುಂದೆ ಬರಬೇಕು, ಅವನು ಅವಳ ಹಿಂದೆ. ಹೆಣ್ಣು ಜೊತೆಗಿಲ್ಲದೆ, ಬರಿಗೈಯಲ್ಲಿ, ಒಬ್ಬನೇ ಬಂದ ಉರಿಮೆಯ ಗಂಡು ಬರುವುದು ಒಂದೇ ಕೆಲಸಕ್ಕೆ: ಹಕ್ಕು ಬಿಟ್ಟುಕೊಡುವುದಕ್ಕೆ. ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಅವನಿಗೂ ಗೊತ್ತಿತ್ತು. ಗಾಳಿ, ಬ್ರೇಕು, ಸೀಟು, ನಟ್ಟು ಎಂದು ಒಂದೊಂದನ್ನೂ ಯೋಚಿಸಿದವನು ಇದೊಂದನ್ನು ಮರೆತಿದ್ದ.

ಇನ್ನೂ ಬಾಯಿ ತೆರೆಯಬಹುದಿತ್ತು. ಅಕ್ಕನನ್ನು ಕರೆತರುತ್ತೇನೆ, ಇರಿ ಎಂದರೆ ಸಾಕು. ಯಾವ ಹಿರಿಯನೂ ಅದನ್ನು ಮೀರುವಂತಿರಲಿಲ್ಲ. ಅವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಪೇಚ್ಚಿ ಅಲ್ಲಿ ನಿಂತಿದ್ದಳು, ಬಾಗಿಲವಾಡವನ್ನು ಹಿಡಿದುಕೊಂಡು. ಅವಳು ಅವನ ಮುಖ ನೋಡುತ್ತಿರಲಿಲ್ಲ. ತಟ್ಟೆಯನ್ನು ನೋಡುತ್ತಿದ್ದಳು, ಅದು ಎಲ್ಲಿ ಬಿದ್ದುಹೋಗುತ್ತದೋ ಎಂಬ ಹಾಗೆ. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು, ದೇವರನ್ನು ಬೇಡುವವರ ಹಾಗೆ. ಅವಳು ಏನು ಬೇಡುತ್ತಿದ್ದಾಳೆಂದು ಕೇಳುವ ಅಗತ್ಯವಿರಲಿಲ್ಲ.

"ಈ ಹೆಣ್ಣಿನ ಮ್ಯಾಲೆ ನಂಗಿರೋ ಉರಿಮೆ ಬಿಟ್ಟೆ," ಎಂದ ಕಾಳಿಯಪ್ಪನ್. ಮಾತು ತುಂಡುತುಂಡಾಗಿ ಬಂತು; ಓಡಿಬಂದ ಏದುಸಿರು ಎಂದು ಎಲ್ಲರೂ ತಿಳಿದರು. "ನೀವ್ ತಕ್ಕೊಳ್ಳಿ. ಚೆನ್ನಾಗ್ ನೋಡ್ಕೊಳ್ಳಿ." ಹತ್ತೂ ಇಪ್ಪತ್ತೇಳಕ್ಕೆ ತಟ್ಟೆ ಕೈ ಬದಲಾಯಿಸಿತು.

ಊಟಕ್ಕೆ ಅವನನ್ನು ಮಾಪ್ಪಿಳ್ಳೆಯ ಪಕ್ಕದಲ್ಲೇ ಕೂರಿಸಿದರು. ಬಿಟ್ಟುಕೊಟ್ಟವನಿಗೆ ಆ ಮರ್ಯಾದೆ ಸಲ್ಲುತ್ತದೆ. ವಿಘ್ನೇಶ್ವರನ್ ಎಂದು ಆ ಮಾಪ್ಪಿಳ್ಳೆಯ ಹೆಸರು. ದಿಂಡಿಗಲ್ಲಿನಲ್ಲೇ ಹುಟ್ಟಿ ಬೆಳೆದವನು, ಕನ್ನಡ ಅರ್ಧಂಬರ್ಧ. ಕೆಟ್ಟವನಾಗಿದ್ದರೆ ಮನಸ್ಸಿನಲ್ಲಾದರೂ ಬಯ್ದುಕೊಳ್ಳಬಹುದಿತ್ತು. ಅವನು ಕೆಟ್ಟವನಾಗಿರಲಿಲ್ಲ. ಎಲೆಯ ಮೇಲೆ ಬಡಿಸುವಷ್ಟರಲ್ಲಿ ಹೊರಗೆ ಹೋಗಿ ಸೈಕಲ್ಲನ್ನು ನೋಡಿಕೊಂಡು ಬಂದಿದ್ದ.

"ಅಣ್ಣಾ, ಬ್ರೇಕ್ ರಬ್ಬರ್ ನೀವೇ ವೆಟ್ಟಿದ್ದಾ, ಕುಯ್ದಿದ್ದಾ?" ಎಂದು ಕೇಳಿದ. "ಆ ಇಳಿಜಾರಲ್ಲಿ ಹಿಡೀತದಾ ಅದು? ಮುಂದಿನ ಗಾಳಿ ಯಾಕೆ ಕಮ್ಮಿ ಇಕ್ಕಿದ್ದೀರಿ?"

ಏಳು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ. ಕಾಳಿಯಪ್ಪನ್ ಬೇಡವೆಂದುಕೊಂಡರೂ ಹೇಳಿದ. ಹೆಬ್ಬೆರಳಿನ ಲೆಕ್ಕ ಹೇಳಿದ, ಕ್ಯಾರಿಯರು ತೆಗೆದರೆ ಹಿಂದಿನ ಗಾಲಿ ಒದೆಯುವುದನ್ನು ಹೇಳಿದ, ಅಜ್ಜಿ ಹಲ್ಲು, ಎಣ್ಣೆತಲೆ, ಹಾಲುದಾರಿ ಎಲ್ಲ ಹೇಳಿದ. ವಿಘ್ನೇಶ್ವರನ್ ಅನ್ನ ಆರುವವರೆಗೂ ಕೇಳಿದ. ಹೇಳಿ ಮುಗಿಸಿದ ಮೇಲೆ ಕಾಳಿಯಪ್ಪನ್‌ಗೆ, ಇನ್ನು ತನ್ನ ಹತ್ತಿರ ಏನೂ ಉಳಿದಿಲ್ಲ ಅನ್ನಿಸಿತು.

ಹೊರಡುವಾಗ ಪೇಚ್ಚಿ ಜಗಲಿಗೆ ಬಂದಳು. ಹೊಸ ಸೀರೆ, ಮುಖದ ತುಂಬ ಬೆಳಕು. ಅವನ ಮೊಣಕೈಗೆ ಕಟ್ಟಿದ ಬಟ್ಟೆಯನ್ನು ನೋಡಿ ಅವಳ ಕಣ್ಣು ತುಂಬಿತು.

"ಬಾವಾ, ಜೀವ ಇರೋಗಂಟ ಮರೆಯಲ್ಲ ಇದ್ನ," ಎಂದಳು. "ನಿನ್ನೆಯಿಂದ ಒಂದ್ ತುತ್ತು ತಿಂದಿಲ್ಲ ನಾನು. ಗಂಡಿನ್ ಕಡ್ಯೋರು ಏಳ್ಬುಟ್ಟಿದ್ರು, ಉರಿಮೆ ಇರೋನು ಕೈಯಾರ ಕೊಡ್ಬೇಕು, ಅವ್ನು ಅತ್ತೂವರೆ ಒಳ್ಗೆ ಬರ್ದಿದ್ರೆ ನಾವು ಎದ್ದೋಗ್ತೀವಿ, ಮತ್ತೆ ಬರಲ್ಲ ಅಂತ. ನಮ್ ಕಡೆ ಅಂಗಿಲ್ಲ ಅಂದ್ರೂ ಕೇಳ್ನಿಲ್ಲ. ಅವ್ರ ಜನ ಅದ್ರಾಗೆ ಗಟ್ಟಿ."

"ಬರ್ದೆ ಓಗಿದ್ರೆ?" ಎಂದ ಕಾಳಿಯಪ್ಪನ್.

"ಬರ್ದೆ ಓಗಿದ್ರೆ ಏನು. ಕೂಡ್ಸಿದ್ದು ಮುರುದೋಗ್ತಿತ್ತು. ಅವ್ವ ಅಂದಿದ್ಲು, ಇದು ಮುರುದ್ರೆ ಇನ್ ಯಾರೂ ಬರಲ್ಲ, ಉರಿಮೆ ಇರೋನ್ಗೇ ಕೊಟ್ಟು ಕೈ ತೊಳ್ಕೋತೀನಿ ಅಂತ." ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡು ಅವನ ಮುಖ ನೋಡಿದಳು. ಅವನು ನಕ್ಕ. ಅವಳೂ ನಕ್ಕಳು, ನಿರಾಳವಾಗಿ.

ಎರಡು ದಿನದ ಕಾಗದಗಳೂ ಕ್ಯಾರಿಯರೂ ಮೇಲೇ ಇದ್ದವು. ಮಾವಡಿಯ ಅಂಗಡಿಯಲ್ಲಿ ಗಾಳಿ ತುಂಬಿಸಿಕೊಂಡು ಅವನು ಮತ್ತೆ ಬೆಟ್ಟದ ದಾರಿ ಹಿಡಿದ. ಭಾರವೇ ಇಲ್ಲದ ಸೈಕಲ್ಲನ್ನು ತಳ್ಳಿಕೊಂಡು ಹತ್ತುವುದು ಅದೇ ಮೊದಲು. ಎಣ್ಣೆತಲೆಯ ನೀರಿಲ್ಲದ ಅಂಚಿನಲ್ಲಿ ಅವನ ರಕ್ತದ ಗೀರು ಒಣಗಿ ಕಪ್ಪಾಗಿತ್ತು. ಅಲ್ಲಿ ಸೈಕಲ್ಲನ್ನು ಮಲಗಿಸಿ ಕೂತ. ಬಿದ್ದಾಗ ಇಲ್ಲಿ ಏಳದೆ ಹತ್ತು ನಿಮಿಷ ಮಲಗಿದ್ದಿದ್ದರೆ ಎಂದುಕೊಂಡ. ಕ್ಯಾರಿಯರು ಬಿಚ್ಚದಿದ್ದಿದ್ದರೆ ಎಂದುಕೊಂಡ. ಆಮೇಲೆ ಅಳು ಬಂತು. ಯಾರೂ ಇಲ್ಲದ ದಾರಿಯಾದ್ದರಿಂದ ತಡೆದುಕೊಳ್ಳದೆ ಅತ್ತ. ತಡವಾಗಿ ಹೋಗಿದ್ದರೆ ಅವಳು ತನ್ನ ಮನೆಗೆ ಬರುತ್ತಿದ್ದಳು, ಒಂದು ತುತ್ತೂ ಉಣ್ಣದೆ, ಅದೇ ತುಟಿ ಅಲುಗಿಸಿಕೊಂಡು. ಅದನ್ನೂ ಯೋಚಿಸಿದ. ಆದರೂ ತಡವಾಗಬೇಕಿತ್ತು ಎಂದೇ ಅನ್ನಿಸಿತು. ತನ್ನ ಮನಸ್ಸು ಅಷ್ಟು ಸಣ್ಣದೆಂದು ಅವನಿಗೆ ಆವತ್ತೇ ಗೊತ್ತಾದದ್ದು.

ಮೇಲೆ ತಲುಪುವಾಗ ಹೊತ್ತು ಇಳಿದಿತ್ತು. ಕೊಯ್ಲು ಮುಗಿಸಿ ಬಂದ ಚಿನ್ನಮ್ಮಾಳ್ ಲೈನ್‌ಮನೆಯ ಮುಂದೆ ಒಲೆ ಊದುತ್ತಿದ್ದಳು.

"ಒತ್ತಿಗ್ ಸರ್ಯಾಗ್ ಸೇರುದ್ಯಾ?" ಎಂದು ಕೇಳಿದಳು.

"ಸೇರ್‌ದೆ ಅಕ್ಕಾ."

"ಎಷ್ಟ್ ಒತ್ತಾಯ್ತು ಇಳಿಯಕ್ಕೆ?"

"ಮೂವತ್ತೊಂದು ನಿಮ್ಸ."

ಅವಳು ಒಲೆಯಿಂದ ಮುಖ ಎತ್ತಿ, ಅವನ ಹಿಂದೆ ಯಾರಾದರೂ ಇದ್ದಾರೋ ಎಂದು ದಾರಿಯ ಕಡೆ ನೋಡಿದಳು. ಆಮೇಲೆ ಅವನ ಕೈಯ ಕಟ್ಟನ್ನು ನೋಡಿದಳು. ಅವಳೂ ಅದೇ ಜನದವಳು, ಬರಿಗೈಯಲ್ಲಿ ಹೋದವನನ್ನು ಬೆಳಿಗ್ಗೆ ಕಣ್ಣಾರೆ ಕಂಡವಳು. ತಟ್ಟೆಗೆ ಗಂಜಿ ಬಗ್ಗಿಸಿ ಅವನ ಮುಂದೆ ಇಟ್ಟಳು.

"ಅಕ್ಕನ್ನ ಕರ್ಕಂಡು ಓಗು ಅಂತ ನಾನು ಬೆಳಿಗ್ಗೇನೇ ಏಳ್ಬೇಕಾಗಿತ್ತು ಕಣೋ," ಎಂದಳು. "ನೀ ನಟ್ಟು ಬಿಚ್ಚೋದ್ನ ನೋಡ್ತಾ ನಿಂತ್ಕಂಡ್ಬುಟ್ಟೆ."